ಎತ್ತಿಗೆಲ್ಲಿತ್ತು ಸರ್ವಿಸ್ ಪುಸ್ತಕ?

ಪ್ರೀತಿಯ ಅಳಿಯಾ,

ನಿನ್ನ ಮೆಸೇಜು, ಜೊತೆಗೆ ಕಳಿಸಿದ ಹದಿನಾಲ್ಕು ಫೋಟೋ, ಎಲ್ಲ ನೋಡಿದೆ. ಕಾರು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. 1972ರ ಎಂಜಿಬಿ ರೋಡ್‌ಸ್ಟರ್, ಚಾವಣಿ ಇಲ್ಲದ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಕೆಂಪು ಬಣ್ಣ, ಕ್ರೋಮ್ ಬಂಪರು, ತಂತಿ ಕಡ್ಡಿಯ ಚಕ್ರ. ಯಾರಿಗೆ ಬೇಡ ಹೇಳು? ಆದರೆ ಹದಿನಾಲ್ಕು ಫೋಟೋದಲ್ಲಿ ಕಾರಿನ ಅಡಿಯದು ಒಂದೂ ಇಲ್ಲ, ಗಮನಿಸಿದೆಯಾ?

ನೀನು ಕೇಳಿದ್ದು ಬೇರೆ. ಸರ್ವಿಸ್ ಹಿಸ್ಟರಿ ಏನೂ ಇಲ್ಲವಂತೆ ಮಾವ, ಹಿಂದಿನ ಓನರ್ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ಕಾಗದವೆಲ್ಲ ಹೋಯಿತಂತೆ, ತಗೊಳ್ಳಲಾ ಬಿಡಲಾ ಅಂತ. ನಿನ್ನ ಅಮ್ಮನನ್ನು ಕೇಳಿದರೆ ಬೇಡ ಅಂತಾಳೆ, ಅದಕ್ಕೇ ನನ್ನನ್ನು ಕೇಳಿದ್ದೀಯ. ಇರಲಿ.

ನಿನ್ನ ತಾತ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಹೋಗುವಾಗ ಒಂದೆರಡು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಆಗ ನನಗೆ ಹತ್ತು ವರ್ಷ ಇರಬೇಕು. ಮಾರುವವನು ಮನೆ ಮಗನ ಹಾಗೆ ಸಾಕಿದೀನಿ ಸ್ವಾಮಿ, ಹಿಂಡಿ ಬೂಸಾ ಬಿಟ್ಟು ಬೇರೆ ತಿಂದಿಲ್ಲ ಅಂತ ಒಂದೇ ಸಮ ಹೇಳುತ್ತಿದ್ದರೆ ಅಪ್ಪ ಹೂಂ ಹೂಂ ಅನ್ನುತ್ತ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ನೊಗ ಕೂರುವ ಕಡೆ ಹೆಗಲು ಸವರುತ್ತಿದ್ದರು. ಗೊರಸು ಎತ್ತಿ ನೋಡುತ್ತಿದ್ದರು. ಆಮೇಲೆ ನಾಲ್ಕು ಹೆಜ್ಜೆ ನಡೆಸಿ ಹಿಂದಿನಿಂದ ನೋಡುತ್ತ ನಿಲ್ಲುತ್ತಿದ್ದರು, ಮಾತೇ ಇಲ್ಲ. ಕೊಂಬಿಗೆ ಎಣ್ಣೆ ಹಚ್ಚಿ ತಂದವನ ಎತ್ತಿನ ಗೊರಸನ್ನ ಮೊದಲು ನೋಡಬೇಕು ಕಣೋ ಅಂತ ವಾಪಸ್ ಬರುವಾಗ ಹೇಳಿದ್ದು ನೆನಪಿದೆ. ಎತ್ತಿಗೆಲ್ಲಿತ್ತು ಸರ್ವಿಸ್ ಪುಸ್ತಕ?

ಈಗ ನನ್ನ ಕಥೆ ಕೇಳು. 1994ರಲ್ಲಿ ಇಲ್ಲೇ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ನಾನೂ ಒಂದು ಎಂಜಿಬಿ ಜಿಟಿ, ಅಂದರೆ ಇದೇ ಕಾರಿನ ಚಾವಣಿ ಇರುವ ಮಾಡೆಲ್, ತಗೊಂಡಿದ್ದೆ, ನಿನ್ನ ಅತ್ತೆಗೆ ಹೇಳದೆ. ಅದಕ್ಕೆ ಪುಸ್ತಕ ಇತ್ತು! ಪ್ರತಿ ಸರ್ವಿಸಿಗೂ ಸೀಲು, ಸಹಿ, ಎಣ್ಣೆ ಬದಲಿಸಿದ ತಾರೀಕು, ಒಂದು ಪುಟವೂ ಖಾಲಿ ಇಲ್ಲ. ಆ ಪುಸ್ತಕ ನೋಡಿಯೇ ನಾನು ದುಡ್ಡು ಎಣಿಸಿದ್ದು. ಎಂಟು ತಿಂಗಳಾದ ಮೇಲೆ ಡ್ರೈವರ್ ಬಾಗಿಲ ಕೆಳಗೆ ಬಣ್ಣ ಒಂದು ಕಡೆ ಗುಳ್ಳೆ ಎದ್ದಿತ್ತು. ಸುಮ್ನೆ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದೆ. ತುದಿ ಒಳಗೆ ಹೋಯಿತು. ಇನ್ನೊಂದು ಸ್ವಲ್ಪ ಕೆರೆದರೆ ಅಂಗೈಯಗಲ ಪುಟ್ಟಿ ಬಿಸ್ಕತ್ತಿನ ಹಾಗೆ ಮುರಿದು ಕೈಗೆ ಬಂತು, ಅದರ ಹಿಂದೆ ಮುದ್ದೆ ಮಾಡಿ ತುರುಕಿದ ನ್ಯೂಸ್‌ಪೇಪರು. ಬಿಡಿಸಿ ನೋಡಿದೆ, ಫುಟ್‌ಬಾಲ್ ಪುಟ. ಸ್ಕೋರು ಇನ್ನೂ ಓದಲು ಬರುತ್ತಿತ್ತು. ಮಾರಿದವನು ಅಷ್ಟೊತ್ತಿಗೆ ಫೋನ್ ನಂಬರ್ ಬದಲಿಸಿದ್ದ. ವೆಲ್ಡಿಂಗಿಗೆ ಆದ ಖರ್ಚು ಕಾರಿಗೆ ಕೊಟ್ಟದ್ದಕ್ಕಿಂತ ಜಾಸ್ತಿ. ಪುಸ್ತಕದಲ್ಲಿದ್ದದ್ದೆಲ್ಲ ನಿಜವೇ, ಎಣ್ಣೆ ಹೊತ್ತಿಗೆ ಸರಿಯಾಗಿ ಬದಲಾಗಿತ್ತು. ಆದರೆ ತುಕ್ಕು ಎಲ್ಲಿದೆ ಅಂತ ಯಾವ ಸರ್ವಿಸ್ ಪುಸ್ತಕದಲ್ಲೂ ಬರೆಯುವುದಿಲ್ಲ ಅಲ್ವಾ.

ಎಂಜಿಬಿಯ ವಿಷಯದಲ್ಲಿ ಇದನ್ನು ಚೆನ್ನಾಗಿ ತಿಳಿದುಕೋ. 1962ರಿಂದ 1980ರವರೆಗೆ ಆಬಿಂಗ್ಡನ್ ಫ್ಯಾಕ್ಟರಿಯಲ್ಲಿ 5 ಲಕ್ಷಕ್ಕೂ ಜಾಸ್ತಿ ಕಾರು ಮಾಡಿದ್ದಾರೆ. ಹಾಗಾಗಿ ಅಪರೂಪದ ಗಾಡಿ ಸಾರ್, ಬಿಟ್ಟರೆ ಸಿಗಲ್ಲ ಅಂತ ಯಾರಾದರೂ ಅಂದರೆ ನಕ್ಕುಬಿಡು. ಎಂಜಿನ್ 1798 ಸಿಸಿ, ಹಳೇ ಕಾಲದ ಗಟ್ಟಿ ಕಬ್ಬಿಣ, ಕೈಗೆ ಸಿಗುವ ಹಾಗಿರುತ್ತದೆ. ಕಾರ್ಬ್ಯುರೇಟರ್, ಕ್ಲಚ್, ಗೇರ್‌ಬಾಕ್ಸ್, ಬ್ರೇಕು, ಎಲ್ಲದರ ಸ್ಪೇರ್ ಇವತ್ತಿಗೂ ಪೋಸ್ಟಿನಲ್ಲಿ ಮನೆಗೆ ಬರುತ್ತದೆ. ಎಂಜಿನ್ ಕೆಟ್ಟರೆ ಬೇಜಾರು, ಅಷ್ಟೆ. ಬಾಡಿ ಕೆಟ್ಟರೆ ಕಥೆ ಮುಗಿಯಿತು. ಯಾಕೆಂದರೆ ಇದಕ್ಕೆ ಲಾರಿಗಿರುವ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ರೋಡ್‌ಸ್ಟರಿಗೆ ಮೇಲೆ ಚಾವಣಿಯೂ ಇಲ್ಲ. ಬಾಗಿಲ ಕೆಳಗೆ ಎರಡು ಕಡೆ ಉದ್ದಕ್ಕೆ ಹೋಗುವ ಪೊಳ್ಳು ಪೆಟ್ಟಿಗೆಯಂಥ ಸಿಲ್ ಇದೆಯಲ್ಲ, ಇಡೀ ಕಾರಿನ ಭಾರ ಅದರ ಮೇಲೆ. ಅಲ್ಲಿ ತುಕ್ಕು ಹಿಡಿದರೆ ಕಾರು ನಡುವಿನಲ್ಲಿ ಬಾಗುತ್ತದೆ, ತಮಾಷೆಯಲ್ಲ.

ಅದಕ್ಕೇ ಹೋದ ತಕ್ಷಣ ಬಾನೆಟ್ ಎತ್ತಬೇಡ. ಮೊದಲು ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಬಾಗಿಲ ಸುತ್ತಲಿನ ಸಂದು ನೋಡು. ಸಂದು ಕೆಳಗೂ ಮೇಲೂ ಒಂದೇ ಅಗಲ ಇರಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ನಡು ಕುಸಿದಿದೆ ಅಂತ ಅರ್ಥ. ಆಮೇಲೆ ತೆಳು ಬಟ್ಟೆಯಲ್ಲಿ ಸುತ್ತಿದ ಮ್ಯಾಗ್ನೆಟ್ ಅನ್ನು ಸಿಲ್ ಉದ್ದಕ್ಕೂ, ಚಕ್ರದ ಕಮಾನಿನ ಸುತ್ತಲೂ, ಮುಂದಿನ ರೆಕ್ಕೆಯ (ಚಕ್ರದ ಮೇಲಿನ ಮಡ್‌ಗಾರ್ಡ್ ತಗಡು) ಕೆಳತುದಿಯಲ್ಲೂ ಎಳಿ. ಎಲ್ಲಿ ಅಂಟುವುದು ಬಿಡುತ್ತದೋ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಆಮೇಲೆ ಮಾರುವವರನ್ನು ಕೇಳಿ, ಕಾರಿನದೇ ಜಾಕ್ ಪಾಯಿಂಟಿಗೆ ಜಾಕ್ ಕೊಟ್ಟು ಒಂದು ಬದಿ ಎತ್ತು. ಎತ್ತಿದಾಗ ಬಾಗಿಲು ಮೊದಲಿನ ಹಾಗೇ ತೆಗೆದು ಮುಚ್ಚಲು ಬರಬೇಕು. ಸಿಕ್ಕಿಹಾಕಿಕೊಂಡರೆ, ಇಲ್ಲ ಒಳಗಿಂದ ಕರಕರ ಸದ್ದು ಬಂದರೆ, ಇಳಿಸಿ, ಥ್ಯಾಂಕ್ಸ್ ಹೇಳಿ, ಟೀ ಕುಡಿಯಲೂ ನಿಲ್ಲದೆ ಬಾ. ಜಾಕ್ ಕೊಡುವುದೇ ಬೇಡ ಅಂತ ಅವರೇ ತಡೆದರೂ ಹಾಗೇ ಮಾಡು.

ಸಿಲ್ ಹೊಸದು ಹಾಕಿಸಿದ್ದೀನಿ ಅಂತ ಹೇಳಬಹುದು. ಹೇಗೆ ಹಾಕಿಸಿದ್ದಾರೆ ಅಂತ ನೋಡು. ಸಿಲ್ ಬಾಗಿಲ ಕೆಳಗಷ್ಟೇ ಇರುವುದಲ್ಲ, ಹಿಂದೆ ಮುಂದೆ ಎರಡೂ ಕಡೆ ರೆಕ್ಕೆಗಳ ಒಳಗೆ ಹೋಗುತ್ತದೆ. ಸರಿಯಾಗಿ ಮಾಡುವವನು ಮುಂದಿನ ರೆಕ್ಕೆ ಬಿಚ್ಚಿ, ಹಿಂದಿನದರ ಕೆಳಭಾಗ ಕತ್ತರಿಸಿ, ಹಳೆಯದನ್ನು ಪೂರಾ ತೆಗೆದು ಹಾಕುತ್ತಾನೆ. ಕೈಚಳಕದವನು ಕೊಳೆತದ್ದರ ಮೇಲೇ ಹೊಸ ತಗಡು ಹೊದಿಸಿ ಬಣ್ಣ ಹೊಡೆಯುತ್ತಾನೆ. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು ಅಂತ ನಮ್ಮ ಹಿರಿಯರು ಈ ಕಾರನ್ನೇ ನೋಡಿ ಹೇಳಿದ ಹಾಗಿದೆ. ಅಡಿಯಲ್ಲಿ ತುಕ್ಕು ತಡೆಯಲೆಂದು ಹೊಸದಾಗಿ ಬಳಿದ ಕಪ್ಪು ಅಂಡರ್‌ಸೀಲ್ ಮಿರಮಿರ ಮಿಂಚುತ್ತಿದ್ದರಂತೂ ಇನ್ನೂ ಹುಷಾರು. ಕೆಲಸ ಮಾಡುವಾಗ ತೆಗೆದ ಫೋಟೋ ಇದ್ದರೆ ಕೇಳು. ದುಡ್ಡು ಸುರಿದು ಕೆಲಸ ಮಾಡಿಸಿದವನು ಫೋಟೋ ತೆಗೆಯದೇ ಇರುವುದಿಲ್ಲ.

ಸೀಟಿನ ಹಿಂದಿನ ಕಾರ್ಪೆಟ್ ಎತ್ತಿ ಬ್ಯಾಟರಿ ಕೂರುವ ಗೂಡನ್ನೂ ನೋಡು. ಆ ವರ್ಷದ ಕಾರಿಗೆ 6 ವೋಲ್ಟಿನ ಎರಡು ಬ್ಯಾಟರಿ ಇರುತ್ತಿದ್ದವು, ಈಗ ಬಹುಪಾಲು ಜನ ಒಂದೇ 12 ವೋಲ್ಟಿನದು ಹಾಕಿರುತ್ತಾರೆ. ಆ್ಯಸಿಡ್ ಸೋರಿ ಗೂಡು ತೂತಾಗಿರುವುದು ಸಾಮಾನ್ಯ.

ಇಷ್ಟರಲ್ಲಿ ಪಾಸಾದರೆ ಎಂಜಿನ್. ನೀನು ಹೋಗುವ ಹೊತ್ತಿಗೆ ಎಂಜಿನ್ ತಣ್ಣಗಿರಬೇಕು ಅಂತ ಮೊದಲೇ ಫೋನಿನಲ್ಲಿ ಹೇಳು, ಹೋಗಿ ಬಾನೆಟ್ ಮೇಲೆ ಅಂಗೈ ಇಟ್ಟು ನೋಡು. ಬೆಚ್ಚಗಿದ್ದರೆ ನಿನ್ನ ಬರುವಿಕೆಗೆ ಯಾರೋ ತಯಾರಿ ನಡೆಸಿದ್ದಾರೆ. ಕೀಲಿ ತಿರುಗಿಸಿ ಸ್ಟಾರ್ಟ್ ಮಾಡದೆ ಒಂದು ಕ್ಷಣ ಕೇಳು, ಹಿಂದಿನಿಂದ ಪೆಟ್ರೋಲ್ ಪಂಪು ಟಿಕ್ ಟಿಕ್ ಟಿಕ್ ಅಂದು ನಿಲ್ಲಬೇಕು. ನಿಲ್ಲದೆ ಟಿಕ್ಕುತ್ತಲೇ ಇದ್ದರೆ ಪೆಟ್ರೋಲ್ ಎಲ್ಲೋ ಸೋರುತ್ತಿದೆ, ಅಥವಾ ಪಂಪು ಗಾಳಿ ಎಳೆಯುತ್ತಿದೆ. ಅರ್ಧ ಗಂಟೆ ಓಡಿಸಿ ಎಂಜಿನ್ ಚೆನ್ನಾಗಿ ಕಾದ ಮೇಲೆ ಆಯಿಲ್ ಪ್ರೆಶರ್ ಮುಳ್ಳು ನೋಡು. ಓಡುವಾಗ 50ರ ಮೇಲಿರಬೇಕು, ನಿಂತಾಗ 10ರಿಂದ 25ರ ಒಳಗೆ ಇದ್ದರೆ ಚಿಂತೆ ಇಲ್ಲ. ಕೆಳಗೆ ಎರಡು ಹನಿ ಆಯಿಲ್ ಬಿದ್ದಿದ್ದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ, ಈ ಕಾರು ಆಯಿಲ್ ಹನಿಸದಿದ್ದರೆ ಒಳಗೆ ಆಯಿಲ್ಲೇ ಇಲ್ಲ ಅಂತ ಇಲ್ಲಿಯವರೇ ಜೋಕ್ ಮಾಡುತ್ತಾರೆ. ತಂತಿ ಚಕ್ರದ ಕಾರಿನಲ್ಲಿ ಗೇರ್ ಹಾಕಿ ಕ್ಲಚ್ ಬಿಡುವಾಗ ಹಿಂದಿನಿಂದ ಟಕ್ ಅಂದರೆ ಚಕ್ರ ಕೂರುವ ಹಲ್ಲುಗಳು ಸವೆದಿವೆ. ಅದು ಖರ್ಚಿನ ಬಾಬತ್ತು, ಆದರೆ ಬಿಟ್ಟು ಬರುವಂಥದ್ದಲ್ಲ. ಚೌಕಾಸಿಗೆ ಇಟ್ಟುಕೋ.

ಮೀಟರಿನಲ್ಲಿ 43 ಸಾವಿರ ಮೈಲಿ ಅಂತ ಬರೆದಿದ್ದೀಯ. ಅದನ್ನು ಮರೆತುಬಿಡು. ಆ ಮೀಟರಿಗೆ ಮೈಲಿ ತೋರಿಸಲು ಇರುವುದೇ ಐದು ಅಂಕಿ, 99,999 ಆದ ಮೇಲೆ ಮತ್ತೆ ಸೊನ್ನೆಯಿಂದ ಶುರು. 43 ಸಾವಿರವೂ ಇರಬಹುದು, 1 ಲಕ್ಷದ 43 ಸಾವಿರವೂ ಇರಬಹುದು.

ಕಾಗದ ಪೂರಾ ಇಲ್ಲ ಅನ್ನುವುದೂ ನಿಜವಲ್ಲ. ಕಾರಿನ ನಂಬರ್ ಹಾಕಿದರೆ ಸರ್ಕಾರದ ಸೈಟಿನಲ್ಲಿ 2005ರಿಂದ ಈಚಿನ ಎಂಒಟಿ, ಅಂದರೆ ವರ್ಷಕ್ಕೊಮ್ಮೆ ಮಾಡುವ ಕಾರಿನ ಫಿಟ್‌ನೆಸ್ ಪರೀಕ್ಷೆಯೆಲ್ಲ ಬಿಟ್ಟಿಯಾಗಿ ಸಿಗುತ್ತದೆ, ಪ್ರತಿ ಸಲದ ಮೈಲಿ ಸಮೇತ. ಅದರಲ್ಲಿ ಫೇಲ್ ಆದದ್ದಕ್ಕಿಂತ ಎಚ್ಚರಿಕೆ ಅಂತ ಬರೆದ ಸಾಲುಗಳನ್ನು ಓದು. 2011ರಲ್ಲಿ ಸಿಲ್ಲಿಗೆ ತುಕ್ಕು ಅಂತ ಬರೆದು 2012ರಲ್ಲಿ ಆ ಸಾಲು ಮಾಯವಾಗಿದ್ದರೆ, ನಡುವೆ ಏನು ಮಾಡಿಸಿದಿರಿ ಅಂತ ಕೇಳಬಹುದಲ್ಲ. ಇನ್ನೊಂದು ಮಾತು, 40 ವರ್ಷ ದಾಟಿದ ಕಾರಿಗೆ 2018ರಿಂದ ಎಂಒಟಿ ಕಡ್ಡಾಯವಲ್ಲ, ರಸ್ತೆ ತೆರಿಗೆಯೂ ಇಲ್ಲ. ಮಾರುವವರು ಅದನ್ನೇ ದೊಡ್ಡ ಲಾಭ ಅನ್ನುವ ಹಾಗೆ ಜಾಹೀರಾತಿನಲ್ಲಿ ಹಾಕಿದ್ದಾರೆ ನೋಡು. ನನಗೆ ಅದು ಓದುವುದೇ ಬೇರೆ ಥರ: ಅಷ್ಟು ವರ್ಷದಿಂದ ಕಾರಿನ ಅಡಿ ಯಾರೂ ನೋಡಿಲ್ಲ. ಒಂದು ಎಂಒಟಿ ಮಾಡಿಸಿ, ದುಡ್ಡು ನಾನು ಕೊಡುತ್ತೇನೆ ಅನ್ನು. ಅದಕ್ಕೂ ಒಪ್ಪದವರ ಹತ್ತಿರ ಮಾತು ಬೆಳೆಸಬೇಡ.

ವಿ5ಸಿ, ಅಂದರೆ ಇಲ್ಲಿನ ಆರ್‌ಸಿ ಪುಸ್ತಕದಲ್ಲಿರುವ ಚಾಸಿ ನಂಬರೂ ಬಾನೆಟ್ ಕೆಳಗಿನ ಫಲಕದ ನಂಬರೂ ಒಂದೇ ಇರಬೇಕು. ವಿ5ಸಿ ಇದ್ದ ಮಾತ್ರಕ್ಕೆ ಅವರೇ ಮಾಲೀಕರು ಅಂತಲ್ಲ, ಆ ಕಾಗದದ ಮೇಲೇ ಹಾಗೆ ಅಚ್ಚಾಗಿದೆ. ಸಾಲ ಬಾಕಿ ಇದೆಯಾ ಅಂತ ಕೆಲವು ಪೌಂಡ್ ಕೊಟ್ಟು ಚೆಕ್ ಮಾಡಿಸು. ಕಾರು ತಗೊಂಡ ಮೇಲೆ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಮ್ಮಿಗೆ ಬರೆದರೆ ಅದು ಯಾವ ದಿನ ತಯಾರಾಯಿತು, ಆಗ ಯಾವ ಬಣ್ಣ, ಯಾವ ದೇಶಕ್ಕೆ ಹೋಯಿತು ಅಂತ ಸರ್ಟಿಫಿಕೇಟ್ ಕೊಡುತ್ತಾರೆ. ಜಾತಕ ಕಳೆದುಹೋದವನಿಗೆ ಜನ್ಮ ದಾಖಲೆ ಸಿಕ್ಕ ಹಾಗೆ. ಎಂಜಿಬಿ ಬಹಳಷ್ಟು ಅಮೆರಿಕಕ್ಕೆ ಹೋದವು, ಕೆಲವು ವಾಪಸ್ ಬಂದು ಸ್ಟೀರಿಂಗ್ ಬಲಕ್ಕೆ ತಿರುಗಿಸಿಕೊಂಡಿವೆ. ಒಣ ಸೀಮೆಯಿಂದ ಬಂದದ್ದಾದರೆ ಖುಷಿಪಡು, ಅಲ್ಲಿ ಇಲ್ಲಿನ ಹಾಗೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವುದಿಲ್ಲ.

ಇನ್ನು ಬೆಲೆ. ಅವರು ಕೇಳುವ 7,500 ಪೌಂಡು ಕಾಗದ ಇರುವ ಕಾರಿನ ಬೆಲೆ. ಕಾಗದ ಇಲ್ಲದಿದ್ದರೆ ಯಾವ ಕೆಲಸವೂ ಆಗಿಲ್ಲ ಅಂತಲೇ ಲೆಕ್ಕ ಹಾಕು: ಎಂಜಿನ್, ಗೇರ್‌ಬಾಕ್ಸ್ ಆಯಿಲ್, ಬ್ರೇಕ್ ಆಯಿಲ್, ಬ್ರೇಕಿನ ರಬ್ಬರ್ ಪೈಪು, ನೀರಿನ ಪೈಪು, ಫ್ಯಾನ್ ಬೆಲ್ಟ್, ಟಯರು. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 1409 ಅಂದರೆ 2009ರ 14ನೇ ವಾರದ್ದು. ಗೆರೆ ಚೆನ್ನಾಗಿದ್ದರೂ ಆ ಟಯರು ಬಿಸಾಡುವುದೇ. ಪೆಟ್ರೋಲ್ ಪೈಪೂ ಬದಲಿಸು. 2021ರಿಂದ ಇಲ್ಲಿ ಮಾಮೂಲಿ ಪೆಟ್ರೋಲಿಗೆ ಶೇಕಡಾ 10ರವರೆಗೆ ಎಥೆನಾಲ್ ಬೆರೆಸುತ್ತಾರೆ, ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ಇ5 ಅಂತ ಬರೆದ, ಎಥೆನಾಲ್ ಕಡಿಮೆ ಇರುವ ಸೂಪರ್ ಪೆಟ್ರೋಲನ್ನೇ ಹಾಕು. ಇದೆಲ್ಲದರ ಖರ್ಚು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಮೇಜಿನ ಮೇಲಿಡು, ಜಗಳ ಆಡಬೇಡ. ಜಾತ್ರೆಯಲ್ಲಿ ಟವಲ್ ಕೆಳಗೆ ಬೆರಳು ಹಿಡಿದು ದರ ಮಾತಾಡುತ್ತಿದ್ದರಲ್ಲ, ಇಲ್ಲಿ ಆ ಚೀಟಿಯೇ ಟವಲ್.

ಅಡ್ವಾನ್ಸ್ ಮಾತ್ರ ಈಗಲೇ ಕಳಿಸಬೇಡ. ಬೇರೆಯವರೂ ನೋಡಲು ಬರ್ತಿದ್ದಾರಂತೆ ಅಂತ ನೀನು ಬರೆದದ್ದು ಓದಿದೆ. ಬರಲಿ ಬಿಡು.

ಶನಿವಾರ ಬೆಳಿಗ್ಗೆ ಏಳಕ್ಕೆ ಬಂದು ನನ್ನನ್ನು ಹತ್ತಿಸಿಕೋ. ಹಳೇ ಪ್ಯಾಂಟ್ ಹಾಕಿಕೊಂಡು ಬಾ, ಮಲಗಿ ಕಾರಿನ ಅಡಿಗೆ ಹೋಗುವವನು ನೀನು, ನನ್ನ ಸೊಂಟ ಈಗ ಅದಕ್ಕೆಲ್ಲ ಬಗ್ಗಲ್ಲ. ಒಳ್ಳೇ ಟಾರ್ಚ್ ತಾ. ಮ್ಯಾಗ್ನೆಟ್ ನಾನು ತರುತ್ತೇನೆ, ಫ್ರಿಜ್ ಮೇಲಿರುವ ಮೈಸೂರು ಅರಮನೆಯದು. ನಿನ್ನ ಅತ್ತೆ ಚಿತ್ರಾನ್ನ ಕಟ್ಟಿಕೊಡುತ್ತೇನೆ ಅಂದಿದ್ದಾಳೆ, ಕಾರಿನ ವಿಷಯ ಅವಳಿಗೆ ಇನ್ನೂ ಹೇಳಿಲ್ಲ.

ನಿನ್ನ ಮಾವ