ಅಲವಿ ಬಲೆಗೆ ಕಡಿವಾಣ ಬೇಕು

ಮಾನ್ಯರೇ,

ತುಂಗಭದ್ರಾ ಜಲಾಶಯದಲ್ಲಿ ಅಲವಿ ಬಲೆಯ ಹಾವಳಿ ಹೊಸದಲ್ಲ. ಇದರ ಕಣ್ಣು ಎಷ್ಟು ಚಿಕ್ಕದೆಂದರೆ ಬೆರಳುದ್ದದ ಮೀನು ಮರಿಯೂ ತಪ್ಪಿಸಿಕೊಳ್ಳುವುದಿಲ್ಲ. ಕಾಟ್ಲಾ, ರೋಹು ಮೀನುಗಳು ಮೊಟ್ಟೆ ಇಡುವಷ್ಟು ಬೆಳೆಯಲು ಸುಮಾರು 2 ವರ್ಷ ಬೇಕು. ಮೊಟ್ಟೆ ಇಡುವುದೂ ಮಳೆಗಾಲದಲ್ಲಿ, ಹೊಸ ನೀರು ಬಂದಾಗ. ಮರಿಗಳನ್ನೇ ಹೀಗೆ ಬಾಚಿಕೊಂಡು ಹೋದರೆ ಹರಿಗೋಲಿನಲ್ಲಿ ಹೋಗಿ ಬಲೆ ಬಿಡುವ ಬಡ ಮೀನುಗಾರರಿಗೆ ಉಳಿಯುವುದೇನು?

1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ ಇದೆ ಅಲ್ವಾ? ವಿಷ ಹಾಕಿ, ಸಿಡಿಮದ್ದು ಸಿಡಿಸಿ ಮೀನು ಹಿಡಿಯುವುದನ್ನೂ ಅದು ತಡೆಯುತ್ತದೆ. ಆದರೆ ಸುಮ್ನೆ ಬೋರ್ಡ್ ಹಾಕಿದರೆ ಸಾಲದು. ರಾತ್ರಿ ಗಸ್ತು ಬೇಕು, ಸಿಕ್ಕ ಬಲೆಯನ್ನು ಮುಟ್ಟುಗೋಲು ಹಾಕಬೇಕು. ಮೀನು ಮರಿ ಮಾಡುವ ತಿಂಗಳುಗಳಲ್ಲಿ ಬಲೆ ಬಿಡದೆ ಕೂರುವ ಕುಟುಂಬಗಳಿಗೆ ಸರ್ಕಾರ ತಪ್ಪದೆ ನೆರವು ಕೊಡಬೇಕು.

– ಓದುಗ, ಹೊಸಪೇಟೆ