ಏನು ಬೇಕೆಂದು ಬಾಯಿಬಿಟ್ಟು ಹೇಳು, ಮಗಳೇ

ಪ್ರೀತಿಯ ಪುಟ್ಟಿ,

ಪರೀಕ್ಷೆಯ ಹಿಂದಿನ ದಿನ ಹೊಟ್ಟೆ ತೊಳಸುವುದು, ಗೆಳತಿ ಮಾತು ಬಿಟ್ಟಾಗ ಎದೆ ಡವಗುಟ್ಟುವುದು ನಿನ್ನ ದೌರ್ಬಲ್ಯವಲ್ಲ. ಒತ್ತಡ ಬಂದಾಗ ಮೊದಲು ಮೈಯಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ನುಗ್ಗುತ್ತದೆ. ಕಾರ್ಟಿಸಾಲ್ ಎಂಬ ಇನ್ನೊಂದು ಒತ್ತಡದ ಹಾರ್ಮೋನು ನಿಧಾನಕ್ಕೆ ಏರಿ, ಸುಮಾರು 20–30 ನಿಮಿಷದ ಹೊತ್ತಿಗೆ ತುದಿ ಮುಟ್ಟುತ್ತದೆ. ಆ ಅರ್ಧ ಗಂಟೆಯಲ್ಲಿ ಸಿಟ್ಟಿನ ಮೆಸೇಜು ಕಳಿಸಬೇಡ. ನಂಬಿಕೆಯವರ ಪಕ್ಕ ಹೋಗಿ ಕೂತುಕೋ, ಮಾತಾಡಲೇಬೇಕೆಂದಿಲ್ಲ.

ಚಿಕ್ಕ ಮಕ್ಕಳಿಗೆ ಅಪ್ಪ ಅಮ್ಮ ಹತ್ತಿರವಿದ್ದರೇ ಕಾರ್ಟಿಸಾಲ್ ಏರಿಕೆ ತಗ್ಗುತ್ತದೆ. ಮೈನೆರೆಯುವ ವಯಸ್ಸಿನಲ್ಲಿ ಆ ಪರಿಣಾಮ ಕುಂದುತ್ತದೆ ಎಂದು ಸಂಶೋಧನೆಗಳು ತೋರಿಸಿವೆ. ಹಾಗಾಗಿ ಇನ್ನು ನಾನು ಪಕ್ಕದಲ್ಲಿದ್ದರಷ್ಟೇ ಸಾಲದು, ನಿನಗೆ ಎಂಥ ಆಸರೆ ಬೇಕೆಂದು ನೀನೇ ಹೇಳಬೇಕು.

ಎಲ್ಲ ಆಸರೆಯೂ ಒಂದೇ ಅಲ್ಲ. ಗಣಿತ ತಲೆಗೆ ಹತ್ತದಿದ್ದಾಗ ‘ನೀನು ಜಾಣೆ’ ಎಂದರೆ ಲೆಕ್ಕ ಬಿಡಿಸಲು ಬರುವುದಿಲ್ಲ. ಯಾವ ಹಂತದಲ್ಲಿ ತಪ್ಪುತ್ತಿದೆ ಎಂದು ಟೀಚರಿಗೆ ನೋಟ್‌ಬುಕ್ ತೋರಿಸಬೇಕು. ಜಗಳವಾಡಿ ನೊಂದವಳಿಗೆ ಉಪದೇಶ ಮಾಡಿದರೆ ಬಾಯಿ ಕಟ್ಟುತ್ತದೆ. ನಾನು ಉಪದೇಶಕ್ಕಿಳಿದರೆ ‘ಅಮ್ಮಾ, ಹತ್ತು ನಿಮಿಷ ಸುಮ್ಮನೆ ಕೇಳು, ಪರಿಹಾರ ಬೇಡ’ ಎಂದು ತಡೆ. ಅದು ಎದುರುತ್ತರವಲ್ಲ.

ಗೆಳತಿಯರ ವಿಷಯದಲ್ಲಿ ಮಾತ್ರ ಒಂದು ಎಚ್ಚರ. ಇಬ್ಬರೂ ಸೇರಿ ಅದೇ ಸಂಕಟವನ್ನು ಮತ್ತೆ ಮತ್ತೆ ಮೆಲುಕು ಹಾಕುವುದನ್ನು ಮನೋವಿಜ್ಞಾನಿ ಅಮಾಂಡಾ ರೋಸ್ 2002ರಲ್ಲಿ ಅಧ್ಯಯನ ಮಾಡಿದರು. ಅಂಥ ಸ್ನೇಹ ಗಾಢವಾಗಿರುತ್ತದೆ, ಆದರೆ ಆತಂಕ, ಖಿನ್ನತೆಯೂ ಅದರ ಜೊತೆಗೇ ಹೆಚ್ಚಾಗಿ ಕಾಣುತ್ತವೆ. ಹುಡುಗಿಯರಲ್ಲಿ ಈ ಅಭ್ಯಾಸ ಹೆಚ್ಚು. ಆದ್ದರಿಂದ ನಡೆದದ್ದನ್ನು ಒಮ್ಮೆ ಪೂರ್ತಿ ಹೇಳಿಕೋ, ಅಳು ಬಂದರೆ ಅತ್ತುಬಿಡು. ಅದೇ ಕಥೆ ಎರಡನೇ ಸುತ್ತು ಶುರುವಾದರೆ ‘ನಾಳೆ ಬೆಳಿಗ್ಗೆ ಏನು ಮಾಡಲಿ?’ ಎಂದು ಕೇಳು, ಇಲ್ಲವೇ ಇಬ್ಬರೂ ಎದ್ದು ಒಂದಿಷ್ಟು ನಡೆದು ಬನ್ನಿ. ನಡುರಾತ್ರಿಯ ಚಾಟ್‌ನಲ್ಲಿ ಈ ತಿರುವು ಸಿಗುವುದು ಕಷ್ಟ. ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ 8–10 ಗಂಟೆ ನಿದ್ದೆ ಬೇಕು, ನಿದ್ದೆಗೆಟ್ಟರೆ ಮರುದಿನ ಸಣ್ಣ ಮಾತೂ ಚುಚ್ಚುತ್ತದೆ.

ಗೆಳತಿ ‘ಸಾಯಬೇಕೆನಿಸುತ್ತಿದೆ’ ಎಂದರೆ, ಯಾರೋ ಹಿಂಸಿಸುತ್ತಿದ್ದಾರೆ ಎಂದರೆ, ಗುಟ್ಟು ಕಾಯುವ ಮಾತು ಅಲ್ಲಿಗೆ ಮುಗಿಯಿತು. ನಿನಗೇ ಹಾಗೆ ಅನಿಸಿದರೂ ಅಷ್ಟೇ. ಆ ಕ್ಷಣವೇ ದೊಡ್ಡವರೊಬ್ಬರಿಗೆ ಹೇಳು. ಅವರು ತಳ್ಳಿಹಾಕಿದರೆ ಇನ್ನೊಬ್ಬರಿಗೆ ಹೇಳು. ಅದಕ್ಕೆಂದೇ ಮೂವರು ದೊಡ್ಡವರ ಹೆಸರು ಈಗಲೇ ಒಂದು ಚೀಟಿಯಲ್ಲಿ ಬರೆದಿಡು, ಒಬ್ಬರಾದರೂ ಮನೆಯ ಹೊರಗಿನವರಿರಲಿ. ಆ ಚೀಟಿಯಲ್ಲಿ ನನ್ನ ಹೆಸರಿಲ್ಲದಿದ್ದರೂ ಬೇಸರವಿಲ್ಲ.

ನಿನ್ನ ಅಮ್ಮ