ಸಿಮ್ ಕೊಡುವ ಮುನ್ನ ಇದನ್ನು ಓದು

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಎರಡನೇ ಸಿಮ್ಮನ್ನು ಗೆಳೆಯನಿಗೆ ಕೊಡುತ್ತೀಯಂತೆ, ನಿಮ್ಮಪ್ಪ ಹೇಳಿದ. ಸುಮ್ಮನೆ ಬಿದ್ದಿರುವುದು ಅವನಿಗಾದರೂ ಉಪಯೋಗವಾಗಲಿ ಎಂಬ ನಿನ್ನ ಮನಸ್ಸು ಒಳ್ಳೆಯದೇ. ಆದರೂ ಕೊಡಬೇಡ.

ಸಿಮ್ಮಿನೊಳಗೆ ನಿನ್ನ ಚಂದಾದಾರ ಸಂಖ್ಯೆಯ ಜೊತೆಗೆ ಒಂದು ಗುಪ್ತ ಕೀಲಿ ಇರುತ್ತದೆ. ನೆಟ್‌ವರ್ಕ್ ಒಂದು ಸಂಖ್ಯೆ ಕಳಿಸುತ್ತದೆ, ಆ ಕೀಲಿ ಬಳಸಿ ಸಿಮ್ ಉತ್ತರ ಕೊಡುತ್ತದೆ. ಉತ್ತರ ಸರಿಯಿದ್ದರೆ ಮುಗಿಯಿತು, ಫೋನ್ ಯಾರ ಕೈಯಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಸಹಿ ಹಾಕಿದ ಖಾಲಿ ಹಾಳೆಯನ್ನು ಯಾರಿಗಾದರೂ ಕೊಡುತ್ತೀಯಾ? ಇದೂ ಅದೇ.

ಓಟಿಪಿ ಬರುವುದು ಆ ಸಿಮ್ ಎಲ್ಲಿದೆಯೋ ಅಲ್ಲಿಗೆ. ಪಾಸ್‌ವರ್ಡ್ ಮರೆತಿದ್ದೇನೆ ಎಂದು ಒತ್ತಿದರೆ ಎಷ್ಟೋ ಖಾತೆಗಳು ಆ ನಂಬರಿಗೇ ಕೋಡ್ ಕಳಿಸುತ್ತವೆ. ಹಿಂದೆಂದೋ ಆ ನಂಬರನ್ನು ಎಲ್ಲೆಲ್ಲಿ ಕೊಟ್ಟಿದ್ದೆ ಎಂಬುದು ನಿನಗೇ ನೆನಪಿರಲಿಕ್ಕಿಲ್ಲ. ಗೆಳೆಯ ಪ್ರಾಮಾಣಿಕ ಎನ್ನುತ್ತೀಯ, ನಾನೂ ಒಪ್ಪುತ್ತೇನೆ. ಆದರೆ ಅವನ ಫೋನ್ ಕಳೆದರೆ? ಅವನು ಹಾಕಿಕೊಂಡ ಯಾವುದೋ ಆ್ಯಪ್ ಎಸ್ಸೆಮ್ಮೆಸ್ ಓದುತ್ತಿದ್ದರೆ? ನಾಳೆ ಅವನೇ ಅದನ್ನು ಇನ್ನೊಬ್ಬರಿಗೆ ದಾಟಿಸಿದರೆ? ಆ ನಂಬರಿನಿಂದ ಯಾರಿಗಾದರೂ ಮೋಸವಾದರೆ ಪೊಲೀಸರು ಮೊದಲು ಹುಡುಕುವುದು ದಾಖಲೆಯಲ್ಲಿರುವ ಹೆಸರನ್ನು. "ನಾನು ಬರೀ ಸಿಮ್ ಕೊಟ್ಟಿದ್ದೆ" ಎಂದು ಆಗ ನೀನು ರುಜುವಾತು ಮಾಡಬೇಕು. ಕೆಲವು ದೇಶಗಳಲ್ಲಿ ಹಾಗೆ ಕೊಡುವುದೇ ಅಪರಾಧ.

ಇದರ ಇನ್ನೊಂದು ಮಗ್ಗುಲನ್ನು ಜನ ಯೋಚಿಸುವುದೇ ಇಲ್ಲ. ಬೇರೆಯವರ ಹೆಸರಿನ ಸಿಮ್ಮನ್ನು ನೀನೂ ಬಳಸಬೇಡ. ಅದರ ಒಡೆಯ ಯಾವಾಗ ಬೇಕಾದರೂ ಅದನ್ನು ನಿಲ್ಲಿಸಿ ಅದೇ ನಂಬರಿಗೆ ಹೊಸ ಸಿಮ್ ಪಡೆಯಬಹುದು. ಆಗ ನೀನು ಆ ನಂಬರಿಗೆ ಜೋಡಿಸಿದ ಖಾತೆಗಳ ಕೋಡ್‌ಗಳೆಲ್ಲ ಅವನ ಕೈಗೆ.

ಗೆಳೆಯನಿಗೆ ಮಾತಾಡಬೇಕಿದ್ದರೆ ನಿನ್ನ ಎದುರಿಗೇ ನಿನ್ನ ಫೋನಿನಿಂದ ಮಾತಾಡಲಿ. ಅವನ ಹೆಸರಿನಲ್ಲಿ ಸಿಮ್ ಮಾಡಿಸಲು ಜೊತೆಗೆ ಹೋಗು, ದುಡ್ಡು ಬೇಕಾದರೆ ಕೊಡು. ನಿನಗೆ ಬೇಡದ ಸಿಮ್ಮನ್ನು ಕಂಪನಿಗೆ ಹೇಳಿ ಮುಚ್ಚಿಸು. ಅದಕ್ಕೂ ಮೊದಲು ಬ್ಯಾಂಕು, ಇಮೇಲು, ವಾಟ್ಸಾಪ್‌ಗಳಲ್ಲಿ ಆ ನಂಬರ್ ಬದಲಾಯಿಸು, ಏಕೆಂದರೆ ಮುಚ್ಚಿದ ನಂಬರ್ ಕೆಲಕಾಲದ ನಂತರ ಬೇರೆಯವರಿಗೆ ಹೋಗುತ್ತದೆ.

ಇಟ್ಟುಕೊಂಡ ಸಿಮ್ಮಿಗೆ ಪಿನ್ ಹಾಕು. ಅದಿದ್ದರೆ ಕದ್ದವನು ಸಿಮ್ಮನ್ನು ಬೇರೆ ಫೋನಿಗೆ ಹಾಕಿದರೂ ಕೆಲಸ ಮಾಡದು. ಸಾಮಾನ್ಯವಾಗಿ 3 ಸಲ ತಪ್ಪಿದರೆ ಲಾಕ್ ಆಗುತ್ತದೆ, ಬಿಡಿಸಲು ಪಿಯುಕೆ ಎಂಬ 8 ಅಂಕಿಯ ಕೋಡ್ ಬೇಕು. ಅದನ್ನೂ 10 ಸಲ ತಪ್ಪಾಗಿ ಒತ್ತಿದರೆ ಆ ಕಾರ್ಡ್ ಮತ್ತೆ ಬಳಕೆಗೆ ಬಾರದು. ಹಾಗಾಗಿ ಊಹಿಸಿ ಒತ್ತಬೇಡ, ಕಂಪನಿಯನ್ನು ಕೇಳು.

ಈಗಾಗಲೇ ಕೊಟ್ಟುಬಿಟ್ಟಿದ್ದರೆ ಮುಜುಗರಪಡದೆ ಇವತ್ತೇ ವಾಪಸ್ ಕೇಳು, ಬೇಕಿದ್ದರೆ ದೊಡ್ಡಪ್ಪ ಬೈದರು ಅನ್ನು. ಅವನು ಸಬೂಬು ಹೇಳಿದರೆ ಕಾಯಬೇಡ. ಕಂಪನಿಗೆ ಫೋನ್ ಮಾಡಿ ಸಿಮ್ ನಿಲ್ಲಿಸಿ, ನನಗೂ ತಿಳಿಸು.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ